ಪಂದೆಲೀಸನ ಇಲ್ಲದ ಮೊಲಗಳು

ನಮ್ಮ ಬಂದರಿನ ಊರಾದ ವೋಲೊಸ್‌ನಲ್ಲಿ ಪಂದೆಲೀಸನಷ್ಟು ಮರ್ಯಾದಸ್ಥ ಇನ್ನೊಬ್ಬನಿಲ್ಲ ಎಂದು ಹೇಳುವವರು ಒಬ್ಬರೇ ಒಬ್ಬರಿದ್ದರು. ಅದು ಸ್ವತಃ ಪಂದೆಲೀಸ. ಊರಿನ ನೀರಿನ ಕಚೇರಿಯ ಕಿಟಕಿಯ ಹಿಂದೆ ಇಡೀ ನೌಕರಿ ಕಳೆದ ಮಹಾನುಭಾವ. ಕಿಟಕಿಯ ಆ ಕಡೆ ಜನ ನಿಂತು ಕೇಳುತ್ತಿದ್ದರು, ಈ ಕಡೆ ಇವನು ಕೂತು ಹುಬ್ಬು ಮೇಲೆತ್ತುತ್ತಿದ್ದ. ನಮ್ಮಲ್ಲಿ 'ಇಲ್ಲ' ಅನ್ನುವುದಕ್ಕೆ ಬಾಯಿ ತೆರೆಯಬೇಕಿಲ್ಲ, ಹುಬ್ಬು ಎತ್ತಿದರೆ ಸಾಕು. ಹೀಗಾಗಿ ಕೇಳುವುದು ಎಂಬ ವಿದ್ಯೆ ಅವನಿಗೆ ಹತ್ತಲೇ ಇಲ್ಲ. ಹೋಟೆಲಿನಲ್ಲಿ ಉಪ್ಪು ಕಡಿಮೆಯಾದರೆ ಕೇಳುತ್ತಿರಲಿಲ್ಲ, ದಾರಿ ತಪ್ಪಿದರೆ ಕೇಳುತ್ತಿರಲಿಲ್ಲ. ಒಮ್ಮೆ ಹೆಂಡತಿಯೊಡನೆ ಲಾರಿಸಾ ಪಟ್ಟಣಕ್ಕೆ ಮದುವೆಗೆ ಹೋದವನು ಯಾರನ್ನೂ ವಿಚಾರಿಸದೆ ಇನ್ಯಾರದೋ ಮದುವೆಗೆ ನುಗ್ಗಿ, ಉಂಡು, ಉಡುಗೊರೆ ಕೊಟ್ಟು, ಕುಣಿದು ಬಂದಿದ್ದ. ಆ ಮದುಮಗಳ ಹೆಸರೇನೆಂದು ಗಂಡ ಹೆಂಡತಿ ಇಬ್ಬರಿಗೂ ಇವತ್ತಿಗೂ ಗೊತ್ತಿಲ್ಲ.

ಅಂಥವನನ್ನು ಹೆಂಡತಿ ಎವಂಥಿಯಾ ಒಂದು ಶುಕ್ರವಾರ ಸಂತೆಗೆ ಅಟ್ಟಿದಳು. ಕೊಳ್ಳುವುದಕ್ಕಲ್ಲ, ಕೇಳುವುದಕ್ಕೆ.

ವಿಷಯ ಇಷ್ಟು. ಅವರ ಬೀದಿಯ ಕೊನೆಯಲ್ಲಿ ಒಂದು ಮುಚ್ಚಿಹೋದ ಬೇಕರಿ. ಅದರ ಒಲೆ ಮಾತ್ರ ಇನ್ನೂ ಗಟ್ಟಿಮುಟ್ಟಾಗಿತ್ತು. ಎವಂಥಿಯಾ ಮತ್ತು ಅವಳಂಥ ಹತ್ತಾರು ಮಂದಿ ಸೇರಿ ಅಲ್ಲಿ 'ಎಲ್ಲರ ಅಡುಗೆಮನೆ' ಅಂತ ಶುರುಮಾಡಿದ್ದರು. ಶುಕ್ರವಾರ ಬೀದಿಸಂತೆ ಮುಗಿಯುವ ಹೊತ್ತಿಗೆ ಮಾರಾಟವಾಗದ ತರಕಾರಿಯೆಲ್ಲ ರಸ್ತೆಬದಿಗೆ ಬೀಳುತ್ತದೆ, ಹಿಂದೆಯೇ ಕಸದ ಲಾರಿ ಬಂದು ನುಂಗುತ್ತದೆ. ಲಾರಿಗಿಂತ ಮುಂಚೆ ಹೋಗಿ ಅದನ್ನು ತರುವುದು, ಶನಿವಾರ ಬೇಯಿಸಿ ಉದ್ದನೆಯ ಮೇಜಿನ ಮೇಲೆ ಬಡಿಸುವುದು. ಬಂದವರೆಲ್ಲ ಅದೇ ಮೇಜಿಗೆ ಕೂರಬೇಕು. ಇದ್ದವರು ದುಡ್ಡಿನ ಡಬ್ಬಿಗೆ ಏನಾದರೂ ಹಾಕಬಹುದು, ಇಲ್ಲದವರು ಈರುಳ್ಳಿ ಸುಲಿಯಬಹುದು, ಎರಡೂ ಮಾಡದವರನ್ನು ಯಾಕೆ ಅಂತ ಯಾರೂ ಕೇಳುವುದಿಲ್ಲ.

"ಇದನ್ನ ದಾನ ಗೀನ ಅಂದವರಿಗೆ ಸೌಟಲ್ಲಿ ಬಾರಿಸ್ತೀನಿ" ಅನ್ನುತ್ತಿದ್ದಳು ಎವಂಥಿಯಾ. "ಒಂದು ಬೀದೀಲಿ ಟೊಮೇಟೊ ಕೊಳೀತಾ ಬಿದ್ದಿರ್ತದೆ, ಪಕ್ಕದ ಬೀದೀಲಿ ಮಕ್ಕಳು ಬರೀ ಬ್ರೆಡ್ ತಿಂತವೆ. ನಾವು ಟೊಮೇಟೊನ ರಸ್ತೆ ದಾಟಿಸ್ತೀವಿ, ಅಷ್ಟೆ."

ದಾಟಿಸುವ ಕೆಲಸ ಸೂಲಾ ಎಂಬ ಗಟ್ಟಿಗಿತ್ತಿಯದಾಗಿತ್ತು. ಅವಳು ಚರ್ಚಿನ ಮೆಟ್ಟಿಲ ಮೇಲೆ ಜಾರಿ ಕಾಲು ಮುರಿದುಕೊಂಡಳು. ಇತ್ತ ಬೇಕರಿಯ ಮಾಲೀಕನೋ, ಒಲೆ ಉರಿಯುತ್ತಿರುವ ತನಕ ಜಾಗ ನಿಮ್ಮದು, ಆರಿದ ದಿನ ಕಾರು ನಿಲ್ಲಿಸುವವರಿಗೆ ಬಾಡಿಗೆಗೆ ಕೊಡುತ್ತೇನೆ ಅಂತ ಮೊದಲೇ ಹೇಳಿಬಿಟ್ಟಿದ್ದ.

"ನಾನ್ಯಾಕೆ ಹೋಗ್ಬೇಕು?" ಎಂದ ಪಂದೆಲೀಸ.

"ಯಾಕಂದ್ರೆ ನಂಗೆ ಒಲೆ ಇದೆ, ಬಾಕಿಯವ್ರಿಗೆ ಕೆಲಸ ಇದೆ, ನಿಂಗೆ ಪೆನ್ಷನ್ ಇದೆ. ಉಳಿದದ್ದಿದ್ರೆ ಕೊಡಿ, ಎಲ್ಲರ ಅಡುಗೆಮನೆಗೆ ಅನ್ನು. ಇಷ್ಟು ಹೇಳೋಕೆ ನಾಲಿಗೆ ಸವೆದು ಹೋಗತ್ತಾ? ನಾಳೆ ಒಲೆ ಆರಿದ್ರೆ ನಾನು ಸುಮ್ನಿರಲ್ಲ ಪಂದೆಲಿ."

ಗಾಡಿಗೆ ಬದಲು ಮಗಳು ಕೂಸಾಗಿದ್ದ ಕಾಲದ ನೀಲಿ ಬಣ್ಣದ ಕೂಸುಗಾಡಿ ಇತ್ತು. ಅದರ ಒಂದು ಚಕ್ರ ಕಿರ್‍ರೋ ಅನ್ನುತ್ತಿತ್ತು. ನೀರಿನ ಕಚೇರಿಯ ಮಾಜಿ ಅಧಿಕಾರಿಗಳು ಅದನ್ನು ತಳ್ಳಿಕೊಂಡು ಬೀದಿಗಿಳಿದರು.

ಸಂತೆಯಲ್ಲಿ ಅವನು ಒಂದು ಕೋಸಿನ ಮುಂದೆ ಹೋಗಿ ನಿಂತ. ನಿಂತೇ ನಿಂತ. ಅಂಗಡಿಯವನು ಅರ್ಗೀರಿಸ, ಇಡೀ ಸಂತೆಗೆ ಒಂದೇ ಗಂಟಲು ಅಂತಿದ್ದರೆ ಅದು ಅವನದು.

"ಏನು ಸ್ವಾಮೀ, ಕೋಸನ್ನ ಮದುವೆ ಆಗ್ತೀರೇನು? ಆಗ್ಲಿಂದ ನೋಡ್ತಾನೇ ಇದೀರಲ್ಲ!"

ಸುತ್ತ ಇದ್ದವರೆಲ್ಲ ತಿರುಗಿದರು. ಪಂದೆಲೀಸನ ಕಿವಿ ಕೆಂಪಾಯಿತು. ಬಾಯಿ ತೆರೆದ. "ಉಳಿದದ್ದು..." ಎಂದ. ಮುಂದಿನ ಮಾತಿಗೆ ಬದಲು ಕೋಸನ್ನು ಒಮ್ಮೆ ತಿರುಗಿಸಿ ಇಟ್ಟ.

"ಉಳಿದದ್ದು? ಯಾರಿಗೆ?"

ಆ ಕ್ಷಣ ಪಂದೆಲೀಸನ ಕಣ್ಣಿಗೆ ನೆಲದ ಮೇಲೆ ಬಿದ್ದಿದ್ದ ಕೋಸಿನ ಹೊರ ಎಲೆಗಳು ಕಂಡವು. ಸಂತೆ ಮುಗಿಯುವಾಗ ಆ ಎಲೆಗಳನ್ನು ಆರಿಸಿಕೊಂಡು ಹೋಗುವವರು ಇದ್ದೇ ಇರುತ್ತಾರೆ, ಅದರಲ್ಲಿ ಅವಮಾನವೇನೂ ಇಲ್ಲ. "ಮೊಲಕ್ಕೆ" ಎಂದ.

"ಅಷ್ಟೇನಾ! ಅದಕ್ಯಾಕೆ ಇಷ್ಟು ಒದ್ದಾಟ!" ಅರ್ಗೀರಿಸ ಎರಡು ತೋಳಿನ ತುಂಬ ಎಲೆ ಬಾಚಿ ಕೂಸುಗಾಡಿಗೆ ಸುರಿದ. ಪಕ್ಕದವನೂ ಸುರಿದ. ಅದರ ಪಕ್ಕದವಳು ಮೂಲಂಗಿ ಸೊಪ್ಪು ತುರುಕಿದಳು. ಅರ್ಗೀರಿಸ ಕೊಟ್ಟ ಒಂದು ಒಡೆದ ಕೋಸನ್ನು ಮೇಲಿಟ್ಟು ಪಂದೆಲೀಸ ಗೆದ್ದವನ ಹಾಗೆ ಹೊರಟ. ದಾರಿಯಲ್ಲಿ ಕಣ್ಣು ಸರಿಯಾಗಿ ಕಾಣದ ಒಬ್ಬಳು ಮುದುಕಿ ಗಾಡಿಗೆ ಬಗ್ಗಿ, "ದೃಷ್ಟಿ ಆಗದಿರಲಿ, ಥೂ ಥೂ ಥೂ" ಅಂತ ಉಗಿದು, "ತಾತನದೇ ಮುಖ, ಸ್ವಲ್ಪವೂ ವ್ಯತ್ಯಾಸ ಇಲ್ಲ" ಎಂದು ಆ ಕೋಸಿನ ಕೆನ್ನೆ ಸವರಿದಳು. ಪಂದೆಲೀಸ ಧನ್ಯವಾದ ಹೇಳಿ ಮುಂದೆ ಹೋದ.

ಎವಂಥಿಯಾ ಗಾಡಿ ನೋಡಿ ಸೊಂಟದ ಮೇಲೆ ಕೈಯಿಟ್ಟಳು. "ಇದೇನಿದು, ಊಟಕ್ಕಾ ಅಥವಾ ಕೊಟ್ಟಿಗೆಗಾ? ನೀನು ಕೇಳಿದ್ಯೋ ಇಲ್ವೋ?"

"ಕೇಳಿದೆ."

"ಏನಂತ ಕೇಳಿದೆ?"

ಪಂದೆಲೀಸ ಚಾವಣಿ ನೋಡಿದ. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಆ ಶನಿವಾರ ಕೋಸಿನ ಎಲೆಗೆ ಮನೆಯಲ್ಲಿದ್ದ ಕಡಲೆಕಾಳು ಹಾಕಿ ಎವಂಥಿಯಾ ಹೇಗೋ ಮಾನ ಉಳಿಸಿಕೊಂಡಳು. ಬಂದವರು ತಿಂದರು, ಆದರೆ ಮುಖ ಮುಖ ನೋಡಿಕೊಂಡು ತಿಂದರು. ಬಾಗಿಲಲ್ಲಿ ಎಂದಿನಂತೆ ಪೊಲಿಕ್ಸೇನಿ ಟೀಚರ್ ನಿಂತಿದ್ದರು. ಆ ಬೀದಿಯ ಅರ್ಧ ಜನಕ್ಕೆ ಅಕ್ಷರ ಕಲಿಸಿದ ಹೆಂಗಸು. ಇಸ್ತ್ರಿ ಮಾಡಿದ ಕೋಟು, ಕೈಯಲ್ಲೊಂದು ಸ್ಟೀಲ್ ಡಬ್ಬಿ. ಅವರು ಒಳಗೆ ಬಂದು ಕೂತದ್ದನ್ನು ಯಾರೂ ನೋಡಿಲ್ಲ.

"ನಂಗಲ್ಲಪ್ಪಾ, ನನ್ನ ಬೆಕ್ಕಿಗೆ" ಎಂದರು ಡಬ್ಬಿ ಚಾಚಿ. "ಸ್ವಲ್ಪ ನಿಂಬೆಹುಳಿ ಜಾಸ್ತಿ ಇರಲಿ. ಉಪ್ಪು ಕಡಿಮೆ. ಅದಕ್ಕೆ ಬಿಪಿ ಇದೆ."

ಬಡಿಸಲು ನಿಂತಿದ್ದವನು ಪಂದೆಲೀಸ. ಅವನು ಗಾಬರಿಯಾದ. "ಟೀಚರ್, ಬೆಕ್ಕಿಗೆ ಕಡಲೆಕಾಳು ಕೊಡಬಾರ್ದು! ಹೊಟ್ಟೆ ಉಬ್ಬರಿಸಿ ಸತ್ತೇಹೋಗತ್ತೆ!"

"ನನ್ನ ಬೆಕ್ಕಿಗೆ ಅಭ್ಯಾಸ ಇದೆ" ಎಂದರು ಟೀಚರ್ ಖಡಕ್ಕಾಗಿ. ಪಂದೆಲೀಸ ಕಾಳುಗಳನ್ನು ಒಂದೊಂದಾಗಿ ಬದಿಗೆ ತೆಗೆದು ಬರೀ ರಸ ತುಂಬಿಸಿ, ಬೆಕ್ಕಿನ ಪ್ರಾಣ ಉಳಿಸಿದ ತೃಪ್ತಿಯಲ್ಲಿ ಕೊಟ್ಟ. ಟೀಚರ್ ಡಬ್ಬಿಯೊಳಗೆ ಒಮ್ಮೆ ನೋಡಿ, ಮುಚ್ಚಳ ಹಾಕಿ ಹೊರಟುಹೋದರು.

"ಇನ್ನೊಂದು ಶನಿವಾರ ಹೀಗಾದ್ರೆ ಬೀಗ ಬೀಳತ್ತೆ" ಎಂದಳು ಎವಂಥಿಯಾ ಪಾತ್ರೆ ತೊಳೆಯುತ್ತ. ಅವಳು ಅವತ್ತು ಜಗಳ ಮಾಡಲಿಲ್ಲ. ಅದೇ ಪಂದೆಲೀಸನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಯಾವ ಸಾಮಾನ್ಯ ಮನುಷ್ಯನಾದರೂ ಈಗ ನಿಜ ಹೇಳುತ್ತಿದ್ದ. ನಮ್ಮ ಪಂದೆಲೀಸ ಸಾಮಾನ್ಯನಲ್ಲ. ಮುಂದಿನ ಶುಕ್ರವಾರ ಅವನು ಸುಳ್ಳನ್ನು ಬಿಡಲಿಲ್ಲ, ಮೊಲಗಳ ದರ್ಜೆ ಏರಿಸಿದ.

"ಎಲೆ ಬೇಡ ಅರ್ಗೀರಿ, ನಮ್ಮವು ಮುಟ್ಟಲ್ಲ" ಎಂದ. "ಜಾತಿ ಮೊಲಗಳು. ಟೊಮೇಟೊ ತಿಂತವೆ."

"ಮೊಲ ಟೊಮೇಟೊ ತಿಂತದಾ?"

"ಬದನೆಕಾಯೂ."

"ಬದನೆಕಾಯಿ!" ಅರ್ಗೀರಿಸ ಟೋಪಿ ಹಿಂದಕ್ಕೆ ತಳ್ಳಿದ. "ಈರುಳ್ಳಿ?"

ಈರುಳ್ಳಿ ಇಲ್ಲದೆ ಎವಂಥಿಯಾ ಮನೆಗೆ ಸೇರಿಸುವುದಿಲ್ಲ ಅಂತ ಪಂದೆಲೀಸನಿಗೆ ನೆನಪಾಯಿತು. "ಈರುಳ್ಳಿ ಮುಖ್ಯ" ಎಂದ.

"ಮುಖ್ಯಾನಾ? ಈರುಳ್ಳಿ ತಿಂದ್ರೆ ಮೊಲ ಸಾಯ್ತದೆ ಅಂತ ನಮ್ಮಜ್ಜಿ ಹೇಳ್ತಿದ್ಲು!"

ಸುಳ್ಳು ಹೇಳುವವನಿಗೆ ಒಮ್ಮೊಮ್ಮೆ ದೇವರೇ ಬಂದು ಮಾತು ಎತ್ತಿಕೊಡುತ್ತಾನೆ. ಪಂದೆಲೀಸ ಅರ್ಗೀರಿಸನ ಕಿವಿಯ ಹತ್ತಿರ ಬಗ್ಗಿ, ನೀರಿನ ಕಚೇರಿಯ ಗಾಂಭೀರ್ಯದಲ್ಲಿ ಹೇಳಿದ: "ಚಿಕ್ಕಂದಿನಿಂದ ಈರುಳ್ಳಿ, ಟೊಮೇಟೊ, ನಿಂಬೆ, ಪಲಾವ್ ಎಲೆ ತಿನ್ನಿಸಿದ್ರೆ ಮಸಾಲೆ ಒಳಗಿಂದಲೇ ಹಿಡಿಯತ್ತೆ. ಆಮೇಲೆ ಬರೀ ನೀರಲ್ಲಿ ಬೇಯಿಸಿದ್ರೆ ಸಾಕು. ಸಾರು ತಾನೇ ಆಗತ್ತೆ."

ಅರ್ಗೀರಿಸ ಎರಡೂ ಕೈಯನ್ನು ಬಾಯಿಗೆ ಕಹಳೆ ಮಾಡಿಕೊಂಡ. ಆಮೇಲೆ ಆ ಗಂಟಲಿನಿಂದ ಹೊರಟ ಮಾತು ಬಂದರಿನ ಹಡಗುಗಳಿಗೂ ಕೇಳಿಸಿತು. "ಕೇಳಿದ್ರೇನ್ರೋ! ಮಸಾಲೆ ಹಾಕಿ ಬೆಳೆಸಿದ ಮೊಲವಂತೆ! ಕೊಡ್ರೋ ಈ ಯಜಮಾನ್ರಿಗೆ!"

ಕೊಟ್ಟರು. ನಮ್ಮ ಜನಕ್ಕೆ ಹಸಿದವನಿಗಿಂತ ಹೊಸದು ಕಂಡುಹಿಡಿದವನ ಮೇಲೆ ಅಭಿಮಾನ ಹೆಚ್ಚು. ಒಬ್ಬ ಗಾಯವಾದ ಟೊಮೇಟೊ ಕೊಟ್ಟ, ಇನ್ನೊಬ್ಬ ಮೊಳಕೆಯೊಡೆದ ಈರುಳ್ಳಿ ಕೊಟ್ಟ, ನಿಂಬೆಯವಳು "ಗರ್ಭಿಣಿ ಮೊಲಕ್ಕೆ ಮಾತ್ರ ಜಾಸ್ತಿ ಕೊಡಬೇಡಿ, ಎದೆಯುರಿ ಬರತ್ತೆ" ಅಂತ ಬುದ್ಧಿಯನ್ನೂ ಸೇರಿಸಿ ಕೊಟ್ಟಳು. ಕೂಸುಗಾಡಿ ತುಂಬಿ, ಪಂದೆಲೀಸನ ಕೋಟಿನ ಜೇಬು ತುಂಬಿ, ಟೋಪಿಯಲ್ಲೂ ಬೆಳ್ಳುಳ್ಳಿ ತುಂಬಿತು.

ಅಲ್ಲಿಂದ ಅಡುಗೆಮನೆಗೆ ಒಳ್ಳೆಯ ದಿನ ಬಂತು. ಗಾಯದ ಭಾಗ ಕತ್ತರಿಸಿ ತೆಗೆದರೆ ಉಳಿದದ್ದೆಲ್ಲ ಬಂಗಾರ. ಬದನೆ, ಆಲೂಗಡ್ಡೆ, ಟೊಮೇಟೊ ಎಲ್ಲ ತಟ್ಟೆಗೆ ಹರಡಿ ಆಲಿವ್ ಎಣ್ಣೆ ಸುರಿದು ಆ ಬೇಕರಿ ಒಲೆಗೆ ತಳ್ಳಿದರೆ ಘಮಘಮ ಬೀದಿಯ ಆ ತುದಿಗೆ ಹೋಗಿ ಜನರನ್ನು ಮೂಗು ಹಿಡಿದು ಎಳೆದುಕೊಂಡು ಬರುತ್ತಿತ್ತು. ಮೇಜಿಗೆ ಇನ್ನೊಂದು ಮೇಜು ಸೇರಿಸಬೇಕಾಯಿತು. "ನನ್ನ ಗಂಡ ಕೊನೆಗೂ ಕೇಳೋದು ಕಲಿತ" ಅಂತ ಎವಂಥಿಯಾ ಸಿಕ್ಕಸಿಕ್ಕವರಿಗೆ ಹೇಳಿಕೊಂಡು ತಿರುಗಿದಳು. ಅದನ್ನು ಕೇಳಿದಾಗೆಲ್ಲ ಪಂದೆಲೀಸನಿಗೆ ಊಟ ಸೇರುತ್ತಿರಲಿಲ್ಲ, ಆದರೂ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದ.

ಇಷ್ಟರಲ್ಲಿ ಮೊಲಗಳ ಸುದ್ದಿ ಸಂತೆಯಿಂದ ಎದ್ದು ಮನೆಗೆ ಬಂತು.

ಪಂದೆಲೀಸನ ಫ್ಲಾಟಿನ ಕೆಳಗೇ ಎವಂಥಿಯಾಳ ತಮ್ಮ ಸ್ತೆರ್ಯೋಸ ಇದ್ದ. ಕಟ್ಟಡದ ಮೇಲ್ವಿಚಾರಣೆಯೂ ಅವನದೇ. ಮೆಟ್ಟಿಲ ಮೇಲೆ ಯಾರ ಚಪ್ಪಲಿ ಸದ್ದು ಮಾಡಿದರೂ ಸಭೆ ಕರೆಯುವ ಆಸಾಮಿ. ಕರೆದ.

"ಈ ಕಟ್ಟಡದಲ್ಲಿ ಯಾರೋ ಮೊಲ ಸಾಕ್ತಿದಾರೆ" ಎಂದ, ಭಾವನ ಕಡೆ ನೋಡದೆ ನೋಡುತ್ತ. "ಹೆಸರು ಹೇಳಲ್ಲ. ಅವ್ರು ನನ್ನ ಅಕ್ಕನ್ನ ಮದುವೆ ಆಗಿದಾರೆ."

"ನಾನು ಅವತ್ತೇ ಅಂದಿದ್ದೆ!" ಮೂರನೇ ಮಹಡಿಯ ಹೆಂಗಸು ಎದ್ದಳು. "ನಂಗೆ ಒಂದು ತಿಂಗಳಿಂದ ಸೀನು! ಗೋಡೆಯೊಳಗೆ ಕಟಕಟ ಅಂತ ಹಲ್ಲು ಮಸೆಯೋ ಸದ್ದು!"

ಅದು ಅವಳ ಗಂಡನ ಹಲ್ಲು. ಪಾಪ, ಗಂಡ ಅಲ್ಲೇ ಕೂತು ತಲೆಯಾಡಿಸಿದ.

ಎವಂಥಿಯಾ ನಕ್ಕುಬಿಟ್ಟಳು. "ನನ್ನ ಗಂಡ ಮೊಲ ಸಾಕೋದಾ? ಬಾಲ್ಕನೀಲಿ ಒಂದು ಕುಂಡ ಕಾಮಕಸ್ತೂರಿ ಉಳಿಸ್ಕೊಳ್ಳೋಕೆ ಆಗ್ಲಿಲ್ಲ ಇವ್ನಿಗೆ!" ಎಂದು ಒಲೆಗೆ ಹೊತ್ತಾಯಿತೆಂದು ಎದ್ದು ಹೋದಳು. ಉಳಿದವರು ನೆಲಮಾಳಿಗೆ ಹುಡುಕಿದರು, ಮಾಡಿನ ಮೇಲೆ ಹುಡುಕಿದರು, ಲಿಫ್ಟನ್ನು ಎರಡು ಸಲ ಮೇಲೆ ಕೆಳಗೆ ಓಡಿಸಿ ನೋಡಿದರು. ಒಂದು ರೋಮವೂ ಸಿಗಲಿಲ್ಲ. ಸಿಗದಿದ್ದಷ್ಟೂ ಅವರಿಗೆ ಖಾತ್ರಿಯಾಯಿತು. ಇಷ್ಟು ಚೆನ್ನಾಗಿ ಬಚ್ಚಿಟ್ಟಿದ್ದಾನೆ ಅಂದರೆ ಎಷ್ಟು ಬೆಲೆಬಾಳುವ ಮೊಲ ಇರಬೇಕು!

ಸಭೆ ಮುಗಿದ ಮೇಲೆ ಸ್ತೆರ್ಯೋಸ ಭಾವನ ತೋಳು ಹಿಡಿದು ಮೂಲೆಗೆ ಕರೆದೊಯ್ದ. ದನಿಯೇ ಬದಲಾಗಿತ್ತು. "ಭಾವ, ಎಲ್ಲಿಟ್ಟಿದೀಯ ಅಂತ ನಾನು ಕೇಳಲ್ಲ. ಮೊಮ್ಮಗಳ ನಾಮಕರಣ ಬರ್ತಾ ಇದೆ. ಬೀಗರೆಲ್ಲ ಬರ್ತಾರೆ. ನಾನು ಆಗ್ಲೇ ಹೇಳ್ಬಿಟ್ಟಿದೀನಿ."

"ಏನಂತ ಹೇಳಿದೀಯ?"

"ಒಳಗಿಂದ ಮಸಾಲೆ ಹಿಡಿದ ಮೊಲ ತಿನ್ನಿಸ್ತೀನಿ ಅಂತ. ಬೀಗ್ತಿ ನಗ್ತಾಳೆ ಭಾವ! ನಂಬಲ್ಲ ಅಂತಾಳೆ! ನನ್ನ ಮಾನ ನಿನ್ನ ಕೈಲಿದೆ. ಒಂದು ಎಂಟು ಸಾಕು."

'ಮೊಲ ಇಲ್ಲ' ಅನ್ನುವುದಕ್ಕೆ ಪಂದೆಲೀಸ ಹುಬ್ಬು ಎತ್ತಬೇಕಿತ್ತು. ಜೀವಮಾನವಿಡೀ ಎತ್ತಿದ ಹುಬ್ಬು ಆ ದಿನ ಏಳಲಿಲ್ಲ. "ನೋಡೋಣ" ಎಂದ. ನಮ್ಮ ಕಚೇರಿಗಳಲ್ಲಿ ಈ ಮಾತಿಗೆ ಯಾವ ಅರ್ಥವೂ ಇಲ್ಲ, ಆದರೆ ಸ್ತೆರ್ಯೋಸ ಕಚೇರಿಯವನಲ್ಲ. ಅವನು ಭಾವನನ್ನು ತಬ್ಬಿ ಎರಡೂ ಕೆನ್ನೆಗೆ ಮುತ್ತಿಟ್ಟ.

ಮೂರನೇ ಮಹಡಿಯ ಹೆಂಗಸು ಪಶುವೈದ್ಯರಿಗೆ ಫೋನು ಮಾಡಿದಳು. ಸ್ತೆರ್ಯೋಸ ಸಂತೆಗೆ ಹೋಗಿ ಅರ್ಗೀರಿಸನ ಮುಂದೆ ಜಂಬ ಕೊಚ್ಚಿದ. ಮೊಲಗಳು ಕಟ್ಟಡದಲ್ಲಿಲ್ಲ ಅಂದರೆ ಆ ಕಿರ್‍ರೋ ಅನ್ನುವ ಗಾಡಿ ಹೋಗುವ ಕಡೆ ಇರಬೇಕು ಅಂತ ಇಬ್ಬರೂ ಸೇರಿ ಪತ್ತೆ ಮಾಡಿದರು.

ಶನಿವಾರ ಮಧ್ಯಾಹ್ನ. ಎಲ್ಲರ ಅಡುಗೆಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಅನ್ನ ತುಂಬಿ ಬೇಯಿಸಿದ ಟೊಮೇಟೊ ಅವತ್ತಿನ ವಿಶೇಷ. ಪಂದೆಲೀಸ ಸೌಟು ಹಿಡಿದು ಬಡಿಸುತ್ತಿದ್ದ. ಬಾಗಿಲಲ್ಲಿ ಪೊಲಿಕ್ಸೇನಿ ಟೀಚರ್ ಡಬ್ಬಿ ಹಿಡಿದು ನಿಂತಿದ್ದರು. ಅವರನ್ನು ಸರಿಸಿಕೊಂಡು ಮೂವರು ಒಳನುಗ್ಗಿದರು. ಮುಂದೆ ಕೈಗೆ ರಬ್ಬರ್ ಗವಸು ಏರಿಸಿಕೊಂಡ ಪಶುವೈದ್ಯೆ, ಅವಳ ಹಿಂದೆ ಸ್ತೆರ್ಯೋಸ, ಅವನ ಹಿಂದೆ ಎದೆಗೆ ಒಂದು ಮರದ ಪೆಟ್ಟಿಗೆ ಅವಚಿಕೊಂಡ ಅರ್ಗೀರಿಸ. ಪೆಟ್ಟಿಗೆಯ ಸಂದಿಯಿಂದ ಎರಡು ಬಿಳಿ ಕಿವಿ ಹೊರಗೆ ಬಂದಿದ್ದವು.

"ಮೊಲ ಎಲ್ಲಿ?" ಎಂದಳು ಡಾಕ್ಟರಮ್ಮ.

"ನಂಗೆ ಕೊಡೋ ಎಂಟು ಮೊಲ ಎಲ್ಲಿ ಭಾವ?" ಎಂದ ಸ್ತೆರ್ಯೋಸ.

"ನಿಮ್ಮ ಹೆಣ್ಣುಗಳೆಲ್ಲಿ ಸ್ವಾಮೀ?" ಅರ್ಗೀರಿಸನ ಗಂಟಲಿಗೆ ಗಾಜು ಅದುರಿತು. "ಗಂಡು ತಂದಿದೀನಿ! ವ್ಯಾಪಾರದಲ್ಲಿ ನಂದೂ ಪಾಲು!"

ಪಂದೆಲೀಸನ ಕೈಯಿಂದ ಸೌಟು ಜಾರಿ ಪಾತ್ರೆಯೊಳಗೆ ಮುಳುಗಿತು. ಏನಾದರೂ ಹೇಳಬೇಕಿತ್ತು. ಗಾಬರಿಯಲ್ಲಿ ಮನುಷ್ಯನ ಬಾಯಿಂದ ಒಮ್ಮೊಮ್ಮೆ ನಿಜ ಬಂದುಬಿಡುತ್ತದೆ. ಅವನು ಉದ್ದನೆಯ ಮೇಜಿನ ಕಡೆ ಕೈ ತೋರಿಸಿದ.

"ಇವ್ರೇ" ಎಂದ.

ಚಮಚಗಳ ಸದ್ದು ನಿಂತಿತು. ಮೇಜಿನ ಕೊನೆಯಲ್ಲಿದ್ದ ಒಬ್ಬ ಟ್ಯಾಕ್ಸಿ ಡ್ರೈವರ್ ನಿಧಾನಕ್ಕೆ ಎದ್ದ. "ಯಾರನ್ನ ಮೊಲ ಅಂದಿದ್ದು?"

"ಪಂದೆಲಿ" ಎಂದಳು ಎವಂಥಿಯಾ ಒಲೆಯ ಕಡೆಯಿಂದ. "ನೀನು ಸಂತೇಲಿ ಏನಂತ ಕೇಳ್ತಿದ್ದೆ?"

"ಮೊಲಕ್ಕೆ ಅಂತ" ಎಂದ ಪಂದೆಲೀಸ. "ಮನುಷ್ಯರಿಗೆ ಅಂತ ಕೇಳೋಕೆ ನಾಚಿಕೆ ಆಯ್ತು."

ಅರ್ಗೀರಿಸ ಪೆಟ್ಟಿಗೆ ಕೆಳಗಿಟ್ಟ. ಅವನ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. "ಅಂದ್ರೆ ನಾನು ಕೊಟ್ಟ ಆ ಒಡೆದ ಕೋಸು, ಆ ಗಾಯದ ಟೊಮೇಟೊ, ಅದನ್ನೆಲ್ಲ ಮನುಷ್ಯರು ತಿಂದ್ರಾ? ಅಯ್ಯೋ ನನ್ನ ಮರ್ಯಾದೆ ತೆಗೆದ್ಯಲ್ಲೋ! ಮೊಲಕ್ಕೆ ಅಂದಿದ್ದಕ್ಕೆ ನಾನು ಕಾಲ ಬುಡದ್ದು ಕೊಟ್ಟೆ! ಮನುಷ್ಯರಿಗೆ ಅಂದಿದ್ರೆ ಮೇಲಿನ ಸಾಲಿಂದ ಕೊಡ್ತಿದ್ದೆ! ನಮ್ಮವ್ವ ಇದ್ದಿದ್ರೆ ಇವತ್ತು ನಂಗೆ ಪೊರಕೇಲಿ ಹೊಡೀತಿದ್ಲು!"

ಅವನ ಕೂಗಾಟವೇನೋ ಒಳ್ಳೆಯ ಮನಸ್ಸಿನದೇ. ಆದರೆ ಮೇಜಿನ ಸುತ್ತ ಕೂತವರಿಗೆ ಕೇಳಿಸಿದ್ದು ಎರಡೇ ಮಾತು, ಮೊಲ ಮತ್ತು ಕಾಲ ಬುಡದ್ದು. ಒಬ್ಬಳು ತಾಯಿ ಮಗುವಿನ ಕೈಯಿಂದ ಚಮಚ ತೆಗೆದಿಟ್ಟು ಕೋಟು ಹಾಕತೊಡಗಿದಳು. ಇನ್ನೊಬ್ಬ ತಟ್ಟೆ ದೂರ ತಳ್ಳಿದ. ಬೆಂಚುಗಳು ಹಿಂದಕ್ಕೆ ಸರಿದವು. ಯಾವ ಮಾತು ಯಾರ ಕಿವಿಗೂ ಬೀಳಬಾರದೆಂದು ಈ ಮೇಜು ಹಾಕಿದ್ದರೋ ಅದೇ ಮಾತು ಅವರ ಮುಖಕ್ಕೆ ಬಿದ್ದಿತ್ತು. ಇವರು ಇವತ್ತು ಎದ್ದುಹೋದರೆ ಮತ್ತೆ ಬರುವುದಿಲ್ಲ ಅಂತ ಪಂದೆಲೀಸನಿಗೂ ತಿಳಿಯಿತು. ಎವಂಥಿಯಾ ಒಲೆಯ ಮುಂದೆ ಕೈ ಒರೆಸುವ ಬಟ್ಟೆ ಹಿಡಿದು ಸುಮ್ಮನೆ ನಿಂತಿದ್ದಳು. ಅವಳನ್ನು ನೋಡಿ ಪಂದೆಲೀಸ ಮೇಜಿನ ಕಡೆ ಹೆಜ್ಜೆಯಿಟ್ಟ.

"ಹೋಗ್ಬೇಡಿ" ಎಂದ. ಯಾರೂ ತಿರುಗಲಿಲ್ಲ. ಇನ್ನೊಮ್ಮೆ ಹೇಳಿದ. "ದಮ್ಮಯ್ಯ, ಹೋಗ್ಬೇಡಿ. ಕೂತ್ಕೊಳ್ಳಿ. ಕೇಳ್ಕೊಳ್ತಾ ಇದೀನಿ."

ಹುಟ್ಟಿದ ಮೇಲೆ ಅವನು ನೆಪವಿಲ್ಲದೆ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಯಾರೂ ಕೂರಲಿಲ್ಲ.

ಆಗ ಬಾಗಿಲ ಹತ್ತಿರ ಸ್ಟೀಲ್ ಡಬ್ಬಿಯ ಮುಚ್ಚಳ ಟಣ್ ಅಂತ ಸದ್ದಾಯಿತು.

"ನನ್ನ ಬೆಕ್ಕು ಸತ್ತುಹೋಗಿದೆ" ಎಂದರು ಪೊಲಿಕ್ಸೇನಿ ಟೀಚರ್, ತರಗತಿಗೆ ಹೇಳುವಂತೆ ಸ್ಪಷ್ಟವಾಗಿ.

ಪಂದೆಲೀಸ ಹೌಹಾರಿದ. "ಅಯ್ಯಯ್ಯೋ! ಕಡಲೆಕಾಳು ತಿಂತಾ ಟೀಚರ್? ನಾನು ಅವತ್ತೇ ಬಡ್ಕೊಂಡೆ!"

ಟ್ಯಾಕ್ಸಿ ಡ್ರೈವರ್ ಮೊದಲು ನಕ್ಕ. ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ಮಗುವಿನ ತಾಯಿ ಕೋಟಿನ ಒಂದು ತೋಳು ಹಾಕಿಕೊಂಡೇ ನಕ್ಕಳು. ಅರ್ಗೀರಿಸ ನಕ್ಕಾಗಲಂತೂ ಒಲೆಯ ಮೇಲಿನ ಮುಚ್ಚಳಗಳು ಕುಣಿದವು.

"ಸತ್ತು ಬಹಳ ವರ್ಷವಾಯ್ತು ಪೆದ್ದಾ" ಎಂದರು ಟೀಚರ್. ಅವರು ಮಾತ್ರ ನಗಲಿಲ್ಲ. "ನೀನು ಅವತ್ತು ಕಾಳೆಲ್ಲ ಆರಿಸಿ ತೆಗೆದೆಯಲ್ಲ, ಆ ರಾತ್ರಿ ನಾನು ಬರೀ ರಸ ಕುಡಿದು ಮಲಗಿದೆ. ಇವತ್ತು ಕಾಳು ಇದೆಯೋ ಇಲ್ವೋ?"

ಅವರು ಒಳಗೆ ಬಂದರು. ಕೋಟು ಕಳಚಿ ಮಡಚಿಟ್ಟರು. ಬೆಂಚಿನ ಮೇಲೆ, ಎಲ್ಲರ ನಡುವೆ ಕೂತು ತಟ್ಟೆ ಮುಂದಕ್ಕೆ ಸರಿಸಿದರು. ಟೀಚರ್ ಕೂತ ಮೇಲೆ ನಿಂತಿರುವ ಧೈರ್ಯ ಅವರ ಹಳೆಯ ಶಿಷ್ಯರಲ್ಲಿ ಯಾರಿಗಿದೆ? ಒಬ್ಬೊಬ್ಬರೇ ಕೂತರು. "ನಾನು ಯಾವ ನಾಯಿಗೆ ಅಂತ ಪಾರ್ಸೆಲ್ ಒಯ್ತೀನೋ, ಆ ನಾಯೀನೂ ಇಲ್ಲ" ಎಂದ ಟ್ಯಾಕ್ಸಿ ಡ್ರೈವರ್ ತಟ್ಟೆ ನೋಡಿಕೊಂಡು. "ನಾನು ಹೇಳೋ ನಮ್ಮಾವನ ಕೋಳಿಗಳೂ ಇಲ್ಲ" ಎಂದಳು ಮಗುವಿನ ತಾಯಿ. ಹೀಗೆ ಆ ಮಧ್ಯಾಹ್ನ ಆ ಬೀದಿಯ ಪ್ರಾಣಿಸಂಕುಲವೆಲ್ಲ ಒಂದೇ ಏಟಿಗೆ ನಿರ್ನಾಮವಾಯಿತು. ಪಂದೆಲೀಸ ಟೀಚರ್ ತಟ್ಟೆಗೆ ಮೂರು ಟೊಮೇಟೊ ಇಟ್ಟು, ಕಣ್ಣು ಒರೆಸಿಕೊಂಡು, ಈರುಳ್ಳಿಯ ಖಾರ ಅಂದ. ಹತ್ತಿರದಲ್ಲಿ ಈರುಳ್ಳಿ ಇರಲಿಲ್ಲ.

ಅರ್ಗೀರಿಸ ಕೈ ತೊಳೆದು ಬಂದು ಬ್ರೆಡ್ ಕೊಯ್ಯಲು ಚೂರಿ ಕೇಳಿದ. ಸಂತೆಯ ದಿನಗಳಲ್ಲಿ ಅವನು ನಿಂತೇ ಊಟ ಮಾಡುವವನು, ಅವತ್ತು ಕೂತು ತಿಂದ. ಎರಡು ಗುಟುಕು ಸಾರಾಯಿ ಇಳಿದ ಮೇಲೆ, ನನ್ನ ಹೊಲದಲ್ಲಿ ಸೊಟ್ಟ ಕ್ಯಾರೆಟ್ಟುಗಳನ್ನು ಸಗಟು ವ್ಯಾಪಾರಿ ಮುಟ್ಟುವುದೇ ಇಲ್ಲ, ಕೀಳಿಸಿದ ಕೂಲಿಯೂ ಹುಟ್ಟಲ್ಲ, ಮಣ್ಣಲ್ಲೇ ಬಿಡುತ್ತೇನೆ ಅಂತ ಗೋಳು ತೋಡಿಕೊಂಡ. "ನಾವೇ ಬಂದು ಕೀಳ್ತೀವಿ, ಡಬ್ಬೀಲಿ ಬಂದದ್ರಲ್ಲಿ ನಿನ್ನ ಪಾಲು ನಿಂಗೆ" ಎಂದಳು ಎವಂಥಿಯಾ. ಅಲ್ಲೇ ಮಾತು ಗಟ್ಟಿಯಾಯಿತು. ಡಾಕ್ಟರಮ್ಮ ಎರಡು ತಟ್ಟೆ ಮುಗಿಸಿ, ಅರ್ಗೀರಿಸನ ಪೆಟ್ಟಿಗೆಯ ಕಡೆ ಕಣ್ಣೆತ್ತದೆ, ಈ ಜಾಗದಲ್ಲಿ ಸಾಕುಪ್ರಾಣಿ ಯಾವುದೂ ಇಲ್ಲ ಅಂತ ತೀರ್ಪು ಕೊಟ್ಟಳು. ಮುಂದೆ ಸ್ತೆರ್ಯೋಸನ ಬೀಗರು ನಾಮಕರಣದ ಊಟವನ್ನು ಅದೇ ಮೇಜಿನ ಮೇಲೆ ಉಂಡರು, ಮತ್ತು ಬೀಗಿತ್ತಿ ಮೊಲದ ವಿಷಯದಲ್ಲಿ ಇವತ್ತಿಗೂ ನಗುತ್ತಾಳೆ.

ಎವಂಥಿಯಾ ಅವತ್ತು ಸಂಜೆ ಪಾತ್ರೆ ತೊಳೆಯುತ್ತ ಗಂಡನಿಗೆ ಚೆನ್ನಾಗಿ ಬೈದಳು. ಪಂದೆಲೀಸನಿಗೆ ಹೋದ ಪ್ರಾಣ ಬಂದಂತಾಯಿತು.

ಮುಂದಿನ ಶುಕ್ರವಾರ ಅವನು ಕೂಸುಗಾಡಿ ತಳ್ಳಿಕೊಂಡು ಸಂತೆಯ ನಡುವೆ ನಿಂತ. ಎದೆಯ ತುಂಬ ಗಾಳಿ ತೆಗೆದುಕೊಂಡ. "ಉಳಿದದ್ದಿದ್ರೆ ಕೊಡಿ!" ಅಂತ ಕೂಗಿದ. "ಎಲ್ಲರ ಅಡುಗೆಮನೆಗೆ! ಮನುಷ್ಯರಿಗೆ!"

ಅರ್ಗೀರಿಸ ಕೈಕಟ್ಟಿ ನಿಂತು ಅವನನ್ನೇ ನೋಡಿದ. ಆಮೇಲೆ ಬಹಳ ನಿಧಾನವಾಗಿ, ಒಂದು ಹುಬ್ಬು, ಹಿಂದೆಯೇ ಇನ್ನೊಂದು ಹುಬ್ಬು, ಮೇಲಕ್ಕೆ ಎತ್ತಿದ.

ಪಂದೆಲೀಸನ ಮುಖ ಬಿಳುಚಿತು.

"ನೀರಿನ ಕನೆಕ್ಷನ್ನಿಗೆ ನಿಮ್ಮ ಕಿಟಕಿ ಮುಂದೆ ನಿಂತಿದ್ದೆ ಸ್ವಾಮೀ!" ಅರ್ಗೀರಿಸ ತೊಡೆ ತಟ್ಟಿಕೊಂಡು ಗಹಗಹಿಸಿದ. "ಈ ಹುಬ್ಬು ಎತ್ತೋಕೆ ಅವತ್ತಿಂದ ಕಾಯ್ತಾ ಇದ್ದೆ! ಬನ್ನಿ, ಗಾಡಿ ಈ ಕಡೆ ತಳ್ಳಿ!" ಮೇಲಿನ ಸಾಲಿನ ಕೋಸು ತೆಗೆದು, ಹೊರ ಎಲೆಗಳನ್ನೆಲ್ಲ ಕಿತ್ತು ಕಸದ ಲಾರಿಯ ಕಡೆ ಎಸೆದು, ಬೆಣ್ಣೆಯಂಥ ಒಳಗೆಡ್ಡೆಯನ್ನು ಗಾಡಿಯಲ್ಲಿಟ್ಟ. "ಮನುಷ್ಯರಿಗೆ ಎಲೆ ಕೊಡಬಾರ್ದು" ಎಂದ.

ಪಂದೆಲೀಸ ತಲೆ ಕೆರೆದುಕೊಂಡ. ಯಾಕೆಂದರೆ ಅರ್ಗೀರಿಸ ಅವತ್ತು ಪೆಟ್ಟಿಗೆ ಸಮೇತ ಬಿಟ್ಟುಹೋದ ಗಂಡು ಮೊಲ ಅಡುಗೆಮನೆಯ ಹಿತ್ತಿಲಲ್ಲಿತ್ತು. ಸ್ತೆರ್ಯೋಸ ಅದರ ಮೇಲೆ ಕಣ್ಣು ಹಾಕಿದ್ದಕ್ಕೆ ಎವಂಥಿ‍ಯಾ ಸೌಟು ತೋರಿಸಿದ್ದಳು. ಅದು ಟೊಮೇಟೊ ಮೂಸುತ್ತಿರಲಿಲ್ಲ, ಬದನೆಕಾಯಿಗೆ ಬೆನ್ನು ಹಾಕುತ್ತಿತ್ತು. ಅದಕ್ಕೆ ಬೇಕಾದದ್ದು ಎಲೆ.

"ಅರ್ಗೀರಿ, ಆ ಎಲೆ ಸ್ವಲ್ಪ ಕೊಡು. ಮೊಲಕ್ಕೆ."

ಸಂತೆಗೆ ಸಂತೆಯೇ ಬಿದ್ದು ಬಿದ್ದು ನಕ್ಕಿತು. "ಮತ್ತೆ ಶುರು ಮಾಡಿದ್ರಲ್ಲ ಯಜಮಾನ್ರೇ! ನಮ್ಮತ್ರ ಇನ್ನೇನು ನಾಚಿಕೆ?" ಅಂತ ಅರ್ಗೀರಿಸ ಇನ್ನೆರಡು ಕೋಸು ಸುಲಿದು ಹಾಕಿದ. "ಇದೆಯಪ್ಪಾ, ನಿಜವಾಗ್ಲೂ ಮೊಲ ಇದೆ! ನೀನೇ ಕೊಟ್ಟಿದ್ದು!" ಎಂದು ಪಂದೆಲೀಸ ಗೋಗರೆದಷ್ಟೂ ಟೊಮೇಟೊ, ಬದನೆ, ನಿಂಬೆ ಬಂದು ಬಿದ್ದವು. ಎಲೆ ಮಾತ್ರ ಒಂದೂ ಬರಲಿಲ್ಲ. ಅವನು ಭಾರದ ಗಾಡಿ ತಳ್ಳಿಕೊಂಡು, ಪಾಪದ ಮೊಲಕ್ಕೆ ಏನು ಹೇಳಲಿ ಅಂತ ಯೋಚಿಸುತ್ತ ಅಡುಗೆಮನೆಗೆ ಬಂದ.

ಹಿತ್ತಿಲಲ್ಲಿ ಪೊಲಿಕ್ಸೇನಿ ಟೀಚರ್ ಸ್ಟೂಲಿನ ಮೇಲೆ ಕೂತಿದ್ದರು. ಕಾಲ ಬಳಿ ಸ್ಟೀಲ್ ಡಬ್ಬಿ ತೆರೆದಿತ್ತು, ಅದರ ತುಂಬ ಕೋಸಿನ ಹಸಿರು ಎಲೆ. ಮೊಲ ಅದರೊಳಗೆ ಮುಖ ಹುದುಗಿಸಿತ್ತು.

"ನಿಮಗೆ ಹೇಗೆ ಕೊಟ್ರು ಟೀಚರ್?" ಪಂದೆಲೀಸ ಬೆರಗಾದ. "ನಾನು ಎಷ್ಟು ಕೇಳಿದ್ರೂ ಕೊಡ್ಲಿಲ್ಲ!"

"ನೀನು ಏನಂತ ಕೇಳಿದೆ?"

"ನಿಜ ಹೇಳಿದೆ. ಮೊಲಕ್ಕೆ ಅಂತ."

"ಅದಕ್ಕೇ" ಎಂದರು ಟೀಚರ್, ಮೊಲದ ಬೆನ್ನು ಸವರುತ್ತ. "ನಾನು ಬೆಕ್ಕಿಗೆ ಅಂದೆ."